ಕಟ್ಟೆ ಹತ್ತಿರ

ಊಟದ ತಟ್ಟೆ ತೊಳೆದಿಟ್ಟು, ಅಪ್ಪನ ಬಾಯಿ ಒರೆಸಿ, ಅವನನ್ನು ಎಡಗೈಗೇ ಆನಿಸಿಕೊಂಡು ಪಕ್ಕದ ಹೊಲಿಗೆಯವಳ ಮನೆಗೆ ದಾಟಿಸುವಷ್ಟರಲ್ಲಿ ಇಸ್ತ್ರಿಯಕ್ಕನಿಗೆ ಅರ್ಧ ಜೀವ ಹೋದಂತಾಗಿತ್ತು. ಗುಡ್ಡ ಹತ್ತುವುದು ಇನ್ನೂ ಬಾಕಿ ಇತ್ತು.

ಇಸ್ತ್ರಿಯಕ್ಕ ಎನ್ನುವುದು ಊರು ಇಟ್ಟ ಹೆಸರು. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಮೇಜಿನ ಮೇಲೆ ಕಂಬಳಿ ಹಾಸಿ, ಅದರ ಮೇಲೆ ಸುಟ್ಟ ಕಲೆಗಳ ಬಿಳಿ ಬಟ್ಟೆ ಹೊದಿಸಿ, ಬೆಳಗಿನಿಂದ ದೀಪ ಹಚ್ಚುವವರೆಗೆ ಊರವರ ಅಂಗಿ ಪ್ಯಾಂಟುಗಳ ಸುಕ್ಕು ಬಿಡಿಸುವುದು ಅವಳ ಕಸುಬು. ಗಂಡ ತೀರಿಕೊಂಡಾಗ ಹಿಡಿದ ಇಸ್ತ್ರಿಪೆಟ್ಟಿಗೆಯನ್ನು ಇದುವರೆಗೆ ಕೆಳಗಿಟ್ಟಿರಲಿಲ್ಲ. ಈಗ ಬಲಭುಜವೇ ಮುಷ್ಕರ ಹೂಡಿತ್ತು. ಒಳಗೆ ಏನೋ ಹರಿದಿದೆ, ಹೊಲಿಯಬೇಕು, ಆಮೇಲೆ ಎರಡು ತಿಂಗಳು ಕೈಯನ್ನು ಕೊರಳಿಗೆ ಕಟ್ಟಿಕೊಂಡು ಸುಮ್ಮನೆ ಕೂತಿರಬೇಕು ಎಂದು ಡಾಕ್ಟರು ಹೇಳಿದ್ದರು. ಹೊಲಿಯುವುದೇ ಆದರೆ ಆಸ್ಪತ್ರೆಗೆ ಯಾಕೆ ಹೋಗುತ್ತೀ, ನಾನೇ ಅಗ್ಗದಲ್ಲಿ ಮಾಡಿಕೊಡುತ್ತೇನೆ ಎಂದು ಹೊಲಿಗೆಯವಳು ತಮಾಷೆ ಮಾಡಿದ್ದಳು. ಇಸ್ತ್ರಿಯಕ್ಕ ನಕ್ಕಿದ್ದಳು. ಆದರೆ ಆ ಎರಡು ತಿಂಗಳು ಅಪ್ಪನನ್ನು ಹಾಸಿಗೆಯಿಂದ ಎಬ್ಬಿಸುವವರು ಯಾರು, ಬಚ್ಚಲಿಗೆ ಕರೆದೊಯ್ಯುವವರು ಯಾರು ಎನ್ನುವುದಕ್ಕೆ ಅವಳ ಬಳಿಯಾಗಲಿ ಹೊಲಿಗೆಯವಳ ಬಳಿಯಾಗಲಿ ಉತ್ತರ ಇರಲಿಲ್ಲ. ಅಪ್ಪನ ಮೈ ಒಳ್ಳೆಯ ಆಳಿನ ಮೈ. ನೆನಪು ಸವೆದಿತ್ತೇ ಹೊರತು ತೂಕ ಸವೆದಿರಲಿಲ್ಲ.

ಉಳಿದವನು ತಮ್ಮ ಒಬ್ಬನೇ. ದೂರದ ಪಟ್ಟಣದಲ್ಲಿ ಲಿಫ್ಟ್ ರಿಪೇರಿ ಮಾಡುವವನು. ಅಪ್ಪನನ್ನು ಎರಡು ತಿಂಗಳು ಕರೆದುಕೊಂಡು ಹೋಗು ಎಂದು ಅವಳು ಫೋನಿನಲ್ಲಿ ಕೇಳಿದಾಗ ಅವನು ಸ್ವಲ್ಪ ಹೊತ್ತು ಕೆಮ್ಮಿದ. ಆಮೇಲೆ ಹೇಳಿದ:

"ಫೋನಲ್ಲಿ ಬೇಡ ಅಕ್ಕ. ಬುಧವಾರ ಮಧ್ಯಾಹ್ನದ ಬಸ್ಸಿಗೆ ಬರ್ತೀನಿ. ಮನೇಲೂ ಬೇಡ, ಅಪ್ಪನ ಮುಂದೆ ಆ ಮಾತು ಚೆನ್ನಾಗಿರಲ್ಲ. ಕಟ್ಟೆ ಹತ್ರ ಬಾ, ಕೂತು ಮಾತಾಡೋಣ. ಸಂಜೆ ಕೊನೇ ಬಸ್ಸಿಗೆ ನಾನು ಹೊರಟುಬಿಡ್ಬೇಕು."

ಆ ಒಂದು ಮಾತು ಅವಳಿಗೆ ಎಷ್ಟೋ ಧೈರ್ಯ ಕೊಟ್ಟಿತ್ತು. ಗುಡ್ಡದ ಮೇಲಿನ ಹಳೆಯ ಕಲ್ಲುಕಟ್ಟೆಯ ತೂಬು ತೆಗೆದು ಮುಚ್ಚುವುದೇ ಅಪ್ಪನ ಕೆಲಸವಾಗಿತ್ತು. ಅಕ್ಕ ತಮ್ಮ ಇಬ್ಬರೂ ಹುಟ್ಟಿ ಬೆಳೆದದ್ದು ಅದರ ಪಕ್ಕದ ಎರಡು ಕೋಣೆಯ ವಸತಿಯಲ್ಲಿ. ಕಟ್ಟೆಗೆ ಹೋದ, ಕಟ್ಟೆಯಿಂದ ಬಂದ, ಕಟ್ಟೆ ತುಂಬಿತು ಎಂದು ಮನೆಯಲ್ಲಿ ದಿನವೆಲ್ಲ ಅದೇ ಮಾತು. ಈಗಲೂ ಮಧ್ಯಾಹ್ನ ಮೂರರ ಹೊತ್ತಿಗೆ ಅಪ್ಪ ಚಡಪಡಿಸಲು ಶುರುಮಾಡುತ್ತಿದ್ದ. ಕಟ್ಟೆಗೆ ಹೋಗಬೇಕು, ನೀರು ಬಿಡುವ ಹೊತ್ತಾಯಿತು ಎಂದು ಬಾಗಿಲಿಗೆ ನಡೆಯುತ್ತಿದ್ದ. ಆಗ ಅವನ ಕೈಗೆ ತಿರುಗಿಸುವುದಕ್ಕೆ ಏನಾದರೂ ಕೊಡಬೇಕು, ಇಲ್ಲದಿದ್ದರೆ ತಡೆಯಲಾಗದು. ಹೊಲಿಗೆಯವಳು ತನ್ನ ಹಳೆಯ ಯಂತ್ರದ ಚಕ್ರವನ್ನು ಅವನಿಗೆ ಬಿಟ್ಟುಕೊಡುತ್ತಿದ್ದಳು.

ಮನೆ ಬೇಡ, ಕಟ್ಟೆಗೇ ಬಾ ಎಂದು ತಮ್ಮ ಹೇಳಿದ್ದಾನೆಂದರೆ ಅವನಿಗೂ ಹಳೆಯದೆಲ್ಲ ನೆನಪಾಗಿರಬೇಕು, ಮನಸ್ಸು ಕರಗಿರಬೇಕು ಎಂದು ಇಸ್ತ್ರಿಯಕ್ಕ ಲೆಕ್ಕ ಹಾಕಿದಳು. ಬಸ್ಸು ಊರಿಗೆ ಬರುವ ಮೊದಲು ಗುಡ್ಡದ ಬುಡದಲ್ಲೂ ನಿಲ್ಲುತ್ತದೆ. ಅಲ್ಲೇ ಇಳಿದು ಹತ್ತಿಬಿಡುತ್ತಾನೆ. ಹೊರಡುವಾಗ ಅಪ್ಪನಿಗೂ ಹೇಳಿದಳು: "ನಾನು ಕಟ್ಟೆಗೆ ಹೋಗಿ ಬರ್ತೀನಿ. ನೀನು ಇಲ್ಲೇ ಇರು." ಅಪ್ಪ ತಲೆಯಾಡಿಸಿ, ಕೆಳಗಿನ ಗದ್ದೆಯವರು ಕಾಯುತ್ತಿದ್ದಾರೆ, ತಡ ಮಾಡಬೇಡ ಎಂದ. ಹೊಲಿಗೆಯವಳು ಮಾತ್ರ ನೂಲನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಎಚ್ಚರಿಸಿದಳು. ನಾಲ್ಕಕ್ಕೆ ಅವಳು ಶಾಲೆಗೆ ಹೋಗಿ ಮಕ್ಕಳ ಸಮವಸ್ತ್ರದ ಅಳತೆ ತೆಗೆಯಬೇಕಿತ್ತು. ಅಷ್ಟರೊಳಗೆ ಅಕ್ಕನಾಗಲಿ ತಮ್ಮನಾಗಲಿ ಒಬ್ಬರು ಬಂದು ಅಪ್ಪನನ್ನು ವಹಿಸಿಕೊಳ್ಳಬೇಕು.

ಗುಡ್ಡದ ದಾರಿ ಮೊದಲು ಎತ್ತಿನ ಗಾಡಿ ಹೋಗುವಷ್ಟು ಅಗಲವಿತ್ತು. ಈಗ ಅರ್ಧ ಪೊದೆ ನುಂಗಿ, ಉಳಿದರ್ಧಕ್ಕೆ ಸರ್ಕಾರದವರು ಕಲ್ಲುಮೆಟ್ಟಿಲು ಹಾಕಿದ್ದರು. ಮೆಟ್ಟಿಲು ಹಾಕಿದವರು ಯಾರೋ ಉದ್ದ ಕಾಲಿನವರಿರಬೇಕು. ಒಂದೊಂದಕ್ಕೂ ಮೊಣಕಾಲಿನ ಮೇಲೆ ಕೈಯೂರಿ ಏಳಬೇಕು. ಬಿಸಿಲು ಬೆನ್ನಿಗೆ ನೇರವಾಗಿ ಹೊಡೆಯುತ್ತಿತ್ತು. ಹುಲ್ಲು ಒಣಗಿ, ಕಾಲು ತಾಕಿದರೆ ಹಾಳೆ ಹರಿದಂತೆ ಸದ್ದು ಬರುತ್ತಿತ್ತು. ಅವಳು ಒಂದು ತಿರುವಿಗೊಮ್ಮೆ ನಿಂತಳು. ಆಮೇಲೆ ತಿರುವು ದೂರವೆನಿಸಿ, ನೆರಳು ಸಿಕ್ಕಲ್ಲೆಲ್ಲ ನಿಂತಳು. ಬಲಗೈ ತೂಗಾಡಿದರೆ ಭುಜದಲ್ಲಿ ಸೂಜಿ ಆಡಿದಂತಾಗುತ್ತಿದ್ದುದರಿಂದ ಅದನ್ನು ಸೆರಗಿನಲ್ಲಿ ಸುತ್ತಿ ಹೊಟ್ಟೆಗೆ ಒತ್ತಿಕೊಂಡಿದ್ದಳು.

ದಾರಿಯುದ್ದಕ್ಕೂ ತಮ್ಮನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಇಸ್ತ್ರಿ ಮಾಡುತ್ತ ಬಂದಳು. ಅಳಬಾರದು. ಅತ್ತರೆ ಅವನೂ ಅಳುತ್ತಾನೆ, ಇಬ್ಬರೂ ಅತ್ತು ಮುಗಿಸುವಷ್ಟರಲ್ಲಿ ಬಸ್ಸು ಬರುತ್ತದೆ, ಅವನು ಕಣ್ಣೊರೆಸಿಕೊಂಡು ಹತ್ತಿ ಹೋಗುತ್ತಾನೆ. ಹಿಂದೆ ಎರಡು ಸಲ ಹಾಗೇ ಆಗಿತ್ತು. ಜಗಳವೂ ಆಡಬಾರದು. ಎರಡು ತಿಂಗಳು, ಅಷ್ಟೇ. ಆಗುತ್ತದೋ ಇಲ್ಲವೋ ಹೇಳು.

ಮೇಲೆ ಕಬ್ಬಿಣದ ಗೇಟು, ಪಕ್ಕದಲ್ಲಿ ಟಿಕೆಟ್ಟಿನ ಗೂಡು. ಕೆಳಗಡೆ ಹೊಸ ಅಣೆಕಟ್ಟು ಬಂದ ಮೇಲೆ ಈ ಕಟ್ಟೆಯ ನೀರು ಯಾರಿಗೂ ಬೇಡವಾಗಿ, ಅದನ್ನು ಐತಿಹಾಸಿಕವೆಂದು ಕರೆದು ಬೇಲಿ ಹಾಕಿದ್ದರು. ಗೂಡಿನೊಳಗಿನವನು ಕಿವಿಯಲ್ಲಿ ಬೆಂಕಿಕಡ್ಡಿ ತಿರುಗಿಸುತ್ತ ಕೂತಿದ್ದ. ತಾನು ಹುಟ್ಟಿದ್ದೇ ಇಲ್ಲಿ, ತನಗೂ ಟಿಕೆಟ್ಟೇ ಎಂದು ಅವಳು ಕೇಳಿದಳು.

"ಹುಟ್ಟಿದವರಿಗೆ ರಿಯಾಯಿತಿ ಇಲ್ಲ ಅಮ್ಮ," ಎಂದ ಅವನು ಬೇಸರವಿಲ್ಲದೆ. "ಅರವತ್ತು ದಾಟಿದವರಿಗೆ ಮಾತ್ರ ಇದೆ. ದಾಟಿದೆಯಾ?"

"ನೋಡಿದ್ರೆ ಏನನ್ಸುತ್ತೆ?"

"ಮೆಟ್ಟಿಲು ಹತ್ತಿ ಬಂದೋರೆಲ್ಲ ನನ್ನ ಕಣ್ಣಿಗೆ ದಾಟಿದೋರ ಹಾಗೇ ಕಾಣ್ತಾರೆ. ಹೋಗಿ."

ಅರವತ್ತಕ್ಕೆ ಇನ್ನೂ ಎಂಟು ವರ್ಷ ಇತ್ತು. ಇವತ್ತು ವಾದ ಮಾಡುವ ಹುಮ್ಮಸ್ಸು ಇರಲಿಲ್ಲ. ರಿಯಾಯಿತಿಯ ಚೀಟಿ ಹಿಡಿದು ಒಳಗೆ ಹೋದಳು. ಇಷ್ಟು ವಯಸ್ಸಿನ, ಇಷ್ಟು ಎತ್ತರದ ಮನುಷ್ಯ ಯಾರಾದರೂ ಬಂದರೇ ಎಂದು ವಿಚಾರಿಸಿದ್ದಕ್ಕೆ, ಬೆಳಗಿನಿಂದ ಬಂದವರು ಬೆರಳೆಣಿಕೆ, ಅವರಲ್ಲಿ ಅಂಥವನಿಲ್ಲ ಎಂದು ಗೂಡಿನವನು ಹೇಳಿದ್ದ.

ಕಟ್ಟೆ ಹಾಗೇ ಇತ್ತು. ಆನೆಯ ಬೆನ್ನಿನಂತೆ ಕಪ್ಪುಗಟ್ಟಿದ ಕಲ್ಲುಗಳು, ಸಂದಿನಲ್ಲಿ ಗಾರೆ, ಗಾರೆಯೊಳಗೆ ಬೇರು ಬಿಟ್ಟ ಸಣ್ಣ ಸಣ್ಣ ಗಿಡಗಳು. ಒಂದು ಕಡೆ ಹಸಿರು ನೀರು ಮುಖ ನೋಡಿಕೊಳ್ಳುವಷ್ಟು ಸುಮ್ಮನಿತ್ತು, ಇನ್ನೊಂದು ಕಡೆ ಆಳಕ್ಕೆ ಬರೀ ಬಂಡೆ. ತೂಬಿನ ಚಕ್ರಕ್ಕೆ ಕೆಂಪು ಬಣ್ಣ ಬಳಿದು, ಮುಟ್ಟಬಾರದೆಂದು ಬೋರ್ಡು ಹಾಕಿದ್ದರು. ಅಪ್ಪ ಅದನ್ನು ತಿರುಗಿಸುವಾಗ ತಾನೂ ತಮ್ಮನೂ ಅದರ ಒಂದೊಂದು ಕಂಬಿಗೆ ಜೋತುಬೀಳುತ್ತಿದ್ದದ್ದು ಅವಳಿಗೆ ನೆನಪಾಯಿತು. ಆದರೆ ನೆನಪಿನ ಮುಂದೆ ನಿಲ್ಲುವುದಕ್ಕೂ ಕಾಲಿಗೆ ಬಲ ಬೇಕು. ಕೂರುವ ಜಾಗ ಹುಡುಕಿದಳು.

ಅವರ ಮನೆಯಿದ್ದಲ್ಲಿ ಟೀ ಅಂಗಡಿ ಆಗಿತ್ತು. ಹೊರಗಿನ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಅಡುಗೆಮನೆಯಲ್ಲಿ ಗ್ಯಾಸಿನ ಒಲೆ. ಅಮ್ಮ ಹೊಗೆ ಹೋಗಲೆಂದು ಜಗಳವಾಡಿ ಒಡೆಸಿದ್ದ ಗೋಡೆಯ ಕಿಂಡಿಯಿಂದ ಈಗ ಟೀ ಲೋಟಗಳು ಹೊರಬರುತ್ತಿದ್ದವು. ಕಿಂಡಿಯಾಚೆಯ ಹೆಂಗಸು ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದಳು. ಇಸ್ತ್ರಿಯಕ್ಕನಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅಪ್ಪನಿಗೆ ಎಷ್ಟು, ತಮ್ಮನಿಗೆ ಎಷ್ಟು, ತೀರಿಕೊಂಡ ಗಂಡನಿಗೆ ಎಷ್ಟು ಎಂದು ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದಳು. ತನ್ನ ಟೀಯನ್ನು ಅವಳು ಪಾತ್ರೆಯ ತಳದಲ್ಲಿ ಉಳಿದದ್ದು ಹೇಗಿದೆಯೋ ಹಾಗೆ ಕುಡಿದು ಅಭ್ಯಾಸ.

"ಸ್ವಲ್ಪ ಜಾಸ್ತಿನೇ ಹಾಕಿ," ಎಂದಳು ಕೊನೆಗೆ.

ಬಿಸಿ ಟೀ ಗಂಟಲಿಗಿಳಿದಾಗ, ಬೇರೆಯವರು ಮಾಡಿಕೊಟ್ಟ ಟೀಗೆ ಬೇರೆಯೇ ರುಚಿ ಇರುತ್ತದೆ ಅನ್ನಿಸಿತು. ಗೋಡೆಗೆ ತಲೆ ಆನಿಸಿ ದಾರಿಯ ಕಡೆ ನೋಡುತ್ತ ಕೂತಳು. ಬಸ್ಸು ಬುಡಕ್ಕೆ ಬಂದು ಹೋದ ಸದ್ದು ಕೇಳಿತ್ತು. ಇನ್ನೇನು ಬರುತ್ತಾನೆ. ಅವನಿಗೂ ಹೊಟ್ಟೆ ಬಂದಿದೆ, ನಿಧಾನವಾಗಿ ಹತ್ತುತ್ತಿರಬೇಕು. ಜನರನ್ನು ಏರಿಸಿ ಇಳಿಸುವ ಯಂತ್ರದವನಿಗೆ ತಾನೇ ಏರುವುದು ರೂಢಿ ಇರಲಾರದು. ಹೀಗೆ ಅಂದುಕೊಳ್ಳುತ್ತಿದ್ದಂತೆಯೇ ಕಣ್ಣು ಮುಚ್ಚಿತು.

ಎಚ್ಚರವಾದಾಗ ಬಾಗಿಲಿನ ಬಿಸಿಲು ಹೊಸಿಲಿನಿಂದ ಗೋಡೆಯ ನಡುವಿಗೆ ಹತ್ತಿತ್ತು. ಟೀಯವಳು ಎಬ್ಬಿಸಿರಲಿಲ್ಲ, ನೊಣ ಬರದಿರಲೆಂದು ಖಾಲಿ ಲೋಟವನ್ನು ಮಾತ್ರ ಎತ್ತಿಕೊಂಡು ಹೋಗಿದ್ದಳು. ಯಾರಾದರೂ ಬಂದರೇ ಎಂದರೆ, ಇಲ್ಲ ಎಂದಳು. ಇಸ್ತ್ರಿಯಕ್ಕ ಫೋನು ತೆಗೆದು ನೋಡಿದಳು. ನಾಲ್ಕು ದಾಟಿತ್ತು. ಗುಡ್ಡದ ಮಡಿಲಲ್ಲಿ ಸಿಗ್ನಲ್ ಎಂದೂ ಸಿಕ್ಕಿದ್ದಿಲ್ಲ, ಈಗಲೂ ಇರಲಿಲ್ಲ.

ಬರಲಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಣಗಿಸಿದ ಬಟ್ಟೆ ಹಗ್ಗದಿಂದ ಜಾರಿ ಮತ್ತೆ ಕೆಸರಿಗೆ ಬಿದ್ದಾಗ ಆಗುವಂಥ ಒಂದು ಸುಸ್ತು ಮಾತ್ರ ಮೈಯೆಲ್ಲ ಆವರಿಸಿತು. ಅಷ್ಟು ದೂರದಿಂದ ಬರುವೆನೆಂದು ಹೇಳಿ ಬಾರದೇ ಇದ್ದನೆಂದರೆ ಅದೇ ಅವನ ಉತ್ತರ. ಇನ್ನು ಯಾರನ್ನು ಕೇಳುವುದು?

ಆಗ ಗೇಟಿನ ಕಡೆಯಿಂದ ಒಬ್ಬ ಹುಡುಗಿ, ಅವಳ ಹಿಂದೆ ಏದುಸಿರು ಬಿಡುತ್ತ ಅವಳ ತಾಯಿ ಬಂದರು. ಅಂಗಡಿಯ ಮುಂದೆ ಮರದ ಸುತ್ತ ಹೊಸದಾಗಿ ಕಟ್ಟಿದ ದುಂಡನೆಯ ಸಿಮೆಂಟಿನ ಪೀಠವಿತ್ತು. ಹುಡುಗಿ ಅದರ ಮೇಲಿನ ಎಲೆಗಳನ್ನು ಕೈಯಿಂದ ಸರಿಸಿ ತಾಯಿಗೆ ಹೇಳಿದಳು:

"ನೀನು ಈ ಕಟ್ಟೆ ಮೇಲೆ ಕೂತಿರಮ್ಮ. ನಾನು ಡ್ಯಾಮ್ ನೋಡ್ಕೊಂಡು ಬಂದ್ಬಿಡ್ತೀನಿ."

ಇಸ್ತ್ರಿಯಕ್ಕ ಆ ಪೀಠವನ್ನೇ ನೋಡುತ್ತ ಉಳಿದಳು. ಊರಿನ ಬಸ್‌ಸ್ಟಾಪಿನಲ್ಲೂ ಮರದ ಸುತ್ತ ಇಂಥದ್ದೇ ಒಂದಿತ್ತು. ಅದನ್ನು ಕಟ್ಟಿಸಿದಾಗ ತಮ್ಮ ಊರು ಬಿಟ್ಟು ಆಗಿತ್ತು. ಅವಳು ಅದನ್ನು ಮರದಡಿ ಎನ್ನುತ್ತಿದ್ದಳು, ಉಳಿದವರು ಕಟ್ಟೆ ಎನ್ನುತ್ತಿದ್ದರು; ಅವಳ ಮನೆಯಲ್ಲಿ ಮಾತ್ರ ಆ ಹೆಸರು ಗುಡ್ಡದ ಈ ಕಲ್ಲುಕಟ್ಟೆಗೆ ಸಂದಿತ್ತು. ತಮ್ಮ ಬಸ್ಸಿನಿಂದ ಇಳಿಯುವುದೇ ಅದರ ಮುಂದೆ. ಮನೆಗೆ ಕೂಗಳತೆ. ಕೂತು ಮಾತಾಡುವುದಕ್ಕೆ ಅದನ್ನು ಬಿಟ್ಟು ಗುಡ್ಡ ಹತ್ತು ಎಂದು ಯಾವ ಬುದ್ಧಿ ಇರುವವನು ಹೇಳುತ್ತಾನೆ? ಅವನ ಬಾಯಲ್ಲಿ ಇದು ಯಾವತ್ತೋ ಡ್ಯಾಮ್ ಆಗಿಹೋಗಿತ್ತು. ಅವನು ಬಂದಿದ್ದಾನೆ. ಮರದಡಿ ಕೂತು, ಅಕ್ಕ ಬರಲಿಲ್ಲವೆಂದು ಬೈದುಕೊಂಡು, ಎದ್ದು ಮನೆಗೆ ಹೋಗಿದ್ದಾನೆ.

ಒಬ್ಬಳೇ ಒಮ್ಮೆ ನಕ್ಕಳು.

ತಕ್ಷಣ ಇಳಿಯಬೇಕೆಂದು ಎದ್ದಳು. ಬೇಗ ಬೇಗ ಇಳಿದರೆ ಕೊನೆಯ ಬಸ್ಸಿಗೆ ಮುಂಚೆ ಅವನು ಸಿಗುತ್ತಿದ್ದ. ಹೊಸಿಲು ದಾಟಿದವಳು ಅಲ್ಲೇ ನಿಂತಳು. ಸಿಕ್ಕರೆ ಏನಾಗುತ್ತದೆ? ಅವನು ಬಸ್ಸಿನ ಕಡೆ ಒಂದು ಕಣ್ಣಿಟ್ಟುಕೊಂಡೇ ಮಾತಾಡುತ್ತಾನೆ. ನೋಡೋಣ ಅಕ್ಕ, ಮನೆಯಲ್ಲಿ ಕೇಳಿ ಹೇಳುತ್ತೇನೆ ಅಕ್ಕ ಎನ್ನುತ್ತಾನೆ. ಇವಳ ಕೈ ಹಿಡಿದು ಒಮ್ಮೆ ಒತ್ತಿ, ಬಸ್ಸು ಹತ್ತುತ್ತಾನೆ. ಆ ನೋಡೋಣವನ್ನು ಅವಳು ಬಹಳ ಸಲ ನೋಡಿಯಾಗಿತ್ತು.

ಇಳಿಯದಿದ್ದರೆ? ನಾಲ್ಕಕ್ಕೆ ಹೊಲಿಗೆಯವಳು ಅಪ್ಪನನ್ನು ಅವನ ಕೈಗೆ ಒಪ್ಪಿಸಿ ಶಾಲೆಗೆ ಹೋಗಿರುತ್ತಾಳೆ. ಬೀದಿಯಲ್ಲಿ ನಾಯಿ ಹಾದುಹೋದರೂ ಅವಳ ಯಂತ್ರದ ಮುಂದಿನಿಂದ ಕಾಣುತ್ತದೆ, ಇವನು ಬಂದದ್ದು ಕಾಣದೆ ಇರುವುದಿಲ್ಲ. ಅಪ್ಪನನ್ನು ಒಬ್ಬನನ್ನೇ ಬಿಟ್ಟು ಅವನು ಬಸ್ಸು ಹತ್ತಲಾರ. ತಮ್ಮ ಅಷ್ಟು ಕೆಟ್ಟವನಲ್ಲ. ಕೆಟ್ಟವನಾಗಲು ಅವನಿಗೆ ಪುರುಸೊತ್ತಿಲ್ಲ, ಅಷ್ಟೇ. ಇವತ್ತು ಅವನಿಗೆ ಪುರುಸೊತ್ತು ಕೊಟ್ಟರೆ ಹೇಗೆ?

ಆದರೆ ಅಪ್ಪ ಬೀದಿಗೆ ಹೋಗಿಬಿಟ್ಟರೆ, ಬಿದ್ದರೆ, ತಮ್ಮ ಇನ್ನೂ ಮರದಡಿಯೇ ಕೂತಿದ್ದರೆ? ಕಾಲು ಒಂದು ಮೆಟ್ಟಿಲು ಇಳಿದೂ ಇಳಿಯಿತು. ಆಮೇಲೆ ಅವಳು ಹಿಂದಕ್ಕೆ ಬಂದು ಅದೇ ಕುರ್ಚಿಯಲ್ಲಿ ಕೂತಳು. ಕೂತದ್ದು ಜಾಣತನದಿಂದಲೋ ಸುಸ್ತಿನಿಂದಲೋ ಅವಳಿಗೇ ಬಗೆಹರಿಯಲಿಲ್ಲ.

"ಇನ್ನೊಂದು ಟೀ ಕೊಡಿ," ಎಂದಳು. "ಆಗ ಹಾಕಿದಷ್ಟೇ ಸಕ್ಕರೆ."

ಎರಡನೆಯ ಟೀ ರುಚಿಸಲಿಲ್ಲ. ಆದರೂ ತಳದವರೆಗೂ ಕುಡಿದಳು. ಕೊನೆಯ ಬಸ್ಸು ಗುಡ್ಡದ ಬುಡದಲ್ಲಿ ಹಾರ್ನ್ ಹೊಡೆದು ಪಟ್ಟಣದ ಕಡೆ ತಿರುಗಿದ ಸದ್ದು ಕೇಳಿದ ಮೇಲೆಯೇ ಅವಳು ಎದ್ದದ್ದು. ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು. ಹೆದರಿಕೆ ಬೆನ್ನು ಬಿಡದೆ ಜೊತೆಗೇ ಇಳಿಯುತ್ತಿತ್ತು. ಅವನು ಆ ಬಸ್ಸಿನಲ್ಲೇ ಕೂತು ಹೋಗಿದ್ದರೆ ಎನ್ನುವ ಯೋಚನೆ ಬಂದಲ್ಲೆಲ್ಲ ಅವಳು ನಿಂತಳು.

ಬೀದಿಯ ತುದಿಯಲ್ಲೇ ನೀರು ಕಂಡಿತು. ಅವಳ ಮನೆಯ ಹೊಸಿಲಿನಿಂದ ಹೊರಟು, ಹೊಲಿಗೆಯವಳ ಬೀಗ ಹಾಕಿದ ಬಾಗಿಲನ್ನು ದಾಟಿ, ಚರಂಡಿಗೆ ಸೇರುತ್ತಿತ್ತು. ಒಳಗೆ ದೀಪ ಹಾಕಿತ್ತು. ತಮ್ಮ ಪ್ಯಾಂಟನ್ನು ಮೊಣಕಾಲವರೆಗೆ ಮಡಿಸಿ, ಗೋಣಿಚೀಲದಿಂದ ನೀರು ಬಳಿಯುತ್ತಿದ್ದ. ಅಪ್ಪ ಮಗನ ಅಂಗಿ ತೊಟ್ಟುಕೊಂಡು, ಗುಂಡಿಗಳೆಲ್ಲ ಒಂದೊಂದು ತೂತು ತಪ್ಪಿ, ಮೇಜಿನ ಪಕ್ಕದ ಕುರ್ಚಿಯಲ್ಲಿ ಸಮಾಧಾನವಾಗಿ ಕೂತಿದ್ದ. ಇಸ್ತ್ರಿಗೆ ಬಂದಿದ್ದ ಬಟ್ಟೆಗಳ ಗಂಟನ್ನು ತಮ್ಮ ಕಪಾಟಿನ ತುದಿಗೆ ಎತ್ತಿಟ್ಟಿದ್ದ, ಪುಣ್ಯ.

ಅವನು ತಲೆಯೆತ್ತಿ ನೋಡಿದ. ಸಿಟ್ಟು ಮಾಡುವುದಕ್ಕೂ ಉಸಿರು ಉಳಿದಿರಲಿಲ್ಲ.

"ಎಲ್ಲಿ ಹೋಗಿದ್ದೆ ಅಕ್ಕ?"

"ಕಟ್ಟೆಗೆ. ನೀನೇ ಹೇಳಿದ್ಯಲ್ಲ."

ಗೋಣಿಚೀಲ ಹಿಡಿದ ಕೈ ಹಾಗೇ ನಿಂತಿತು. ಆಮೇಲೆ ಅವನು ಒದ್ದೆ ನೆಲದ ಮೇಲೇ ಕೂತುಬಿಟ್ಟ.

"ಅಪ್ಪ ಹೇಳ್ದ," ಎಂದ. "ಅಕ್ಕ ಎಲ್ಲಿ ಅಂದಿದ್ದಕ್ಕೆ, ಕಟ್ಟೆಗೆ ಹೋಗಿದ್ದಾಳೆ ಅಂದ. ಮನೇಲಿ ಸರಿಯಾಗಿ ಹೇಳಿದೋನು ಇವನೊಬ್ಬನೇ. ನಾನು ಇವನಿಗೆ ಬುದ್ಧಿ ಇಲ್ಲ ಅಂದ್ಕೊಂಡೆ."

ನಡೆದದ್ದನ್ನೆಲ್ಲ ಅವನು ಬಿಟ್ಟು ಬಿಟ್ಟು ಹೇಳಿದ. ಹೊಲಿಗೆಯವಳು ಅಪ್ಪನನ್ನು ಒಪ್ಪಿಸಿ ಹೋಗುವಾಗ, ಕೈಗೆ ಏನಾದರೂ ತಿರುಗಿಸಲು ಕೊಡು ಎಂದಿದ್ದಳಂತೆ. ಇವನಿಗೆ ಅದು ತಲೆಗೆ ಹೋಗಲಿಲ್ಲ. ಅಪ್ಪ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದ. ನಿಲ್ಲಿಸಲು ಹೋದರೆ, ಕೆಳಗಿನವರಿಗೆ ಇನ್ನೂ ನೀರು ಮುಟ್ಟಿಲ್ಲ ಎಂದು ಕೈ ತಳ್ಳಿದ. ಕಾಲು ಜಾರಿ ಕೂತ. ಎತ್ತಲು ಹೋಗಿ ಇವನೂ ಕೂತ. ಇಬ್ಬರೂ ಬಚ್ಚಲಲ್ಲಿ ಕೂತಿರುವಾಗ ಬಸ್ಸು ಬಂದು ಮರದಡಿ ನಿಂತು, ಇನ್ನೊಂದು ಸಲ ಹಾರ್ನ್ ಮಾಡಿ ಹೋಯಿತು.

"ದಿನಾ ಹೀಗೇನಾ?" ಎಂದ.

"ದಿನಾ ನೀರಿರಲ್ಲ. ಮಿಕ್ಕಿದ್ದೆಲ್ಲ ಇರುತ್ತೆ."

"ನಾನು ಅಲ್ಲಿಗೆ ಬರ್ಲಿಲ್ಲ ಅಂತ ಗೊತ್ತಾದ ಕೂಡ್ಲೇ ಇಳಿದು ಬರ್ಬಾರ್ದಿತ್ತಾ?"

ಇಸ್ತ್ರಿಯಕ್ಕ ಒದ್ದೆಯಿಲ್ಲದ ಕಡೆ ನೋಡಿ ಗೋಡೆಬದಿಯ ಹಳೆಯ ಟ್ರಂಕಿನ ಮೇಲೆ ಕೂತಳು.

"ಕಾಲು ಬರ್ಲಿಲ್ಲ ಕಣೋ," ಎಂದಳು.

ಅವನು ಅದನ್ನು ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಅಪ್ಪನ ಕಡೆ, ಅವಳ ಸೆರಗಿನೊಳಗಿನ ಕೈಯ ಕಡೆ, ಬಾಗಿಲಿನ ಕಡೆ ನೋಡಿದ. ಅವನು ಬಂದದ್ದು ಆಗುವುದಿಲ್ಲ ಎಂದು ಹೇಳಲಿಕ್ಕೆ. ಹಾಗೆಂದು ತಾನೇ ಒಪ್ಪಿಕೊಂಡ. ಮೂರನೆಯ ಮಹಡಿಯ ಮನೆ, ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವವನ ಕಟ್ಟಡಕ್ಕೇ ಲಿಫ್ಟ್ ಇಲ್ಲ, ಹೆಂಡತಿಗೆ ಹಗಲು ಕೆಲಸ ಎಂದು ಬಸ್ಸಿನುದ್ದಕ್ಕೂ ಕಾರಣಗಳನ್ನು ಜೋಡಿಸಿಕೊಂಡು ಬಂದಿದ್ದನಂತೆ. ಈಗ ಅವನ್ನು ಹೇಳುವಾಗ ಅವನ ದನಿಯೇ ಅವಕ್ಕೆ ಒತ್ತಾಸೆ ಕೊಡಲಿಲ್ಲ. ಇಸ್ತ್ರಿಯಕ್ಕನಿಗೆ ದಾರಿಯಲ್ಲಿ ಮಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಈಗ ಕೈಗೆ ಸಿಗುತ್ತಿರಲಿಲ್ಲ.

ಹೆಂಡತಿಗೆ ಫೋನು ಮಾಡಲು ಅವನು ಬೀದಿಗೆ ಹೋದ. ಅವನ ದನಿ ಏರುವುದೂ ಇಳಿಯುವುದೂ, ಆಮೇಲೆ ಬಹಳ ಹೊತ್ತು ಬರೀ ಹೂಂ ಹೂಂ ಎನ್ನುವುದೂ ಕೇಳಿಸಿತು. ಒಳಗೆ ಬಂದವನ ಮುಖ ತೊಳೆದ ಪಾತ್ರೆಯ ಹಾಗಿತ್ತು.

"ಬೈದಳು. ಆದ್ರೆ ಬೇಡ ಅನ್ನಲಿಲ್ಲ. ಒಂದು ತಿಂಗಳು ಅಕ್ಕ. ಎರಡು ನನ್ನ ಕೈಲಾಗಲ್ಲ."

"ಕೈ ಕಟ್ಟಿರೋದು ಎರಡು ತಿಂಗಳು."

"ಗೊತ್ತು."

ಎರಡನೆಯ ತಿಂಗಳು ಏನು ಮಾಡುವುದೆಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಒಂದು ತಿಂಗಳು ಎಂದರೆ ಮೂವತ್ತು ಬೆಳಗು ತಾನಾಗಿ ಏಳುವವರೆಗೆ ಮಲಗಿರುವುದು ಎಂದು ಮನಸ್ಸು ಆಗಲೇ ಎಣಿಸತೊಡಗಿತ್ತು. ಅದರಾಚೆಗೆ ಎಣಿಸಲು ಇವತ್ತು ಅದು ಒಲ್ಲೆ ಎಂದಿತು.

"ಆಗಲಿ," ಎಂದಳು. "ಬೆಳಗಿನ ಬಸ್ಸಿಗೆ ಹೊರಡಿ. ಈಗ ಅವನನ್ನ ಎಬ್ಬಿಸಿ ಹಾಸಿಗೆಗೆ ಕರ್ಕೊಂಡು ಹೋಗು. ಕೈ ಹಿಡಿದು ಎಳೀಬೇಡ, ಅವನಿಗೆ ಸಿಟ್ಟು ಬರುತ್ತೆ. ಕಂಕುಳ ಕೆಳಗೆ ತೋಳು ಕೊಡು. ಮೊದಲು ಅವನ ಕಾಲು ನೆಲಕ್ಕೆ ಸರಿಯಾಗಿ ಊರಲಿ."

ತಮ್ಮ ಬಗ್ಗಿದ. ತೋಳು ಕೊಟ್ಟ ರೀತಿ ತಪ್ಪಾಗಿತ್ತು. ಅಪ್ಪ ಅರ್ಧ ಎದ್ದು, ಒಂದು ಕಡೆಗೆ ವಾಲಿ, ಮತ್ತೆ ಕುರ್ಚಿಗೆ ಕುಸಿದ. ಇಸ್ತ್ರಿಯಕ್ಕನ ಬಲಗೈ ತಾನಾಗಿಯೇ ಸೆರಗಿನಿಂದ ಹೊರಬಂದು ಮುಂದಕ್ಕೆ ಚಾಚಿತು. ಅವಳು ಅದನ್ನು ಎಡಗೈಯಿಂದ ಹಿಡಿದು ಮಡಿಲಿಗೆ ಎಳೆದುಕೊಂಡಳು. ಕೂತಲ್ಲಿಂದ ಏಳಲಿಲ್ಲ.

"ಇನ್ನೊಂದು ಸಲ," ಎಂದಳು. "ನಿಧಾನಕ್ಕೆ."